ವೆನೀರ್ ಹಾಕಿಸುವುದೋ, ಇಂಪ್ಲಾಂಟ್ ಮಾಡಿಸುವುದೋ: ಹಲ್ಲಿನ ಅಂದದ ಚಿಕಿತ್ಸೆಯನ್ನು ಆಯ್ದುಕೊಳ್ಳುವ ಬಗೆ

ಹಲ್ಲಿನ ಅಂದಕ್ಕಾಗಿ ದಂತವೈದ್ಯರ ಬಳಿ ಹೋಗುವವರಲ್ಲಿ ಹೆಚ್ಚಿನವರು ಚಿಕಿತ್ಸೆಯ ಹೆಸರನ್ನು ಮೊದಲೇ ನಿರ್ಧರಿಸಿಕೊಂಡಿರುತ್ತಾರೆ. ‘ವೆನೀರ್ ಹಾಕಿಸಬೇಕು’, ‘ಕ್ಯಾಪ್ ಹಾಕಿಸಬೇಕು’, ‘ಬ್ಲೀಚ್ ಮಾಡಿಸಬೇಕು’ ಎಂಬಲ್ಲಿಂದಲೇ ಮಾತು ಶುರುವಾಗುತ್ತದೆ. (ವೆನೀರ್ ಹಲ್ಲಿನ ಮುಂಭಾಗಕ್ಕಷ್ಟೇ ಹಾಕುವ ತೆಳು ಹೊದಿಕೆ, ಕ್ಯಾಪ್ ಇಡೀ ಹಲ್ಲನ್ನು ಮುಚ್ಚುವ ಹೊದಿಕೆ, ಬ್ಲೀಚ್ ಎಂದರೆ ರಾಸಾಯನಿಕದಿಂದ ಹಲ್ಲನ್ನು ಬೆಳ್ಳಗಾಗಿಸುವುದು.) ಅದಕ್ಕಿಂತ, ತಮಗೆ ಮುಜುಗರ ತರುತ್ತಿರುವುದು ಹಲ್ಲಿನ ಬಣ್ಣವೋ, ಆಕಾರವೋ, ಸಾಲು ತಪ್ಪಿದ ಜೋಡಣೆಯೋ ಅಥವಾ ಹಲ್ಲೇ ಇಲ್ಲದ ಜಾಗವೋ ಎಂಬುದನ್ನು ಹೇಳಿ, ಚಿಕಿತ್ಸೆಯ ಮಾತನ್ನು ಪರೀಕ್ಷೆಯ ನಂತರಕ್ಕೆ ಬಿಡುವುದು ಮೇಲು. ಈ ನಾಲ್ಕಕ್ಕೂ ಚಿಕಿತ್ಸೆ ಬೇರೆ ಬೇರೆ. ಒಂದಕ್ಕೆ ಮಾಡಬೇಕಾದುದನ್ನು ಇನ್ನೊಂದಕ್ಕೆ ಮಾಡಿದರೆ ಹಣದ ಜೊತೆಗೆ ಹಲ್ಲೂ ಹೋಗುತ್ತದೆ.

ಆಯ್ಕೆಗೆ ನಾನು ಬಳಸುವ ಅಳತೆಗೋಲು ಒಂದೇ. ಹಲ್ಲಿನ ಹೊರಪದರವಾದ ಎನಾಮೆಲ್ ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಯಾವ ಚಿಕಿತ್ಸೆಯನ್ನೇ ಸೂಚಿಸಿದರೂ, ಇದಕ್ಕಾಗಿ ಎಷ್ಟು ಆರೋಗ್ಯವಂತ ಹಲ್ಲನ್ನು ಉಜ್ಜಿ ತೆಗೆಯಬೇಕಾಗುತ್ತದೆ ಎಂದು ಕೇಳಬೇಕು. ಏನನ್ನೂ ತೆಗೆಯದ ಚಿಕಿತ್ಸೆಯಿಂದ ಕೆಲಸ ಆಗುವಂತಿದ್ದರೆ ಅಲ್ಲಿಗೇ ನಿಲ್ಲಬೇಕು, ಆಗದಿದ್ದರೆ ಮಾತ್ರ ಮುಂದಿನ ಮೆಟ್ಟಿಲಿಗೆ ಹೋಗಬೇಕು.

ಮೊದಲು ಬಾಯಿಯ ಆರೋಗ್ಯ

ವಸಡಿನಲ್ಲಿ ರಕ್ತ ಬರುತ್ತಿರುವಾಗ, ಹುಳುಕು ಹಲ್ಲುಗಳು ಹಾಗೆಯೇ ಇರುವಾಗ ಅಂದದ ಕೆಲಸಕ್ಕೆ ಕೈಹಾಕಬಾರದು. ಊದಿಕೊಂಡ ವಸಡಿನ ಪಕ್ಕದಲ್ಲಿ ಕೂರಿಸಿದ ವೆನೀರಿನ ಅಂಚು, ಊತ ಇಳಿದ ಮೇಲೆ ಬೆತ್ತಲಾಗಿ ಕಾಣುತ್ತದೆ. ಮೊದಲು ಕಿಟ್ಟ ತೆಗೆಸಬೇಕು, ಅಂದರೆ ಕ್ಲೀನಿಂಗ್ ಮಾಡಿಸಬೇಕು, ಹುಳುಕನ್ನು ತುಂಬಿಸಬೇಕು, ಎಕ್ಸ್‌ರೇ ತೆಗೆಸಬೇಕು. ಚಹಾ, ಕಾಫಿ, ಎಲೆ‌ಅಡಿಕೆಯಿಂದ ಬಂದ ಹೊರಗಿನ ಕಲೆಯಷ್ಟೇ ಆಗಿದ್ದರೆ ಕ್ಲೀನಿಂಗ್ ಮತ್ತು ಪಾಲಿಶಿಂಗ್‌ನಲ್ಲೇ ಬಹುಪಾಲು ಹೋಗುತ್ತದೆ, ಮುಂದಿನ ಯಾವ ಚಿಕಿತ್ಸೆಯೂ ಬೇಕೆನಿಸದೇ ಇರಬಹುದು.

ಅಡಿಕೆ, ಗುಟ್ಕಾ ಜಗಿಯುವವರ ವಿಷಯ ಬೇರೆ. ಅಡಿಕೆಯಿಂದ ಕೆನ್ನೆಯ ಒಳಪದರ ಗಡುಸಾಗಿ ಬಾಯಿ ತೆರೆಯುವುದೇ ಕಷ್ಟವಾಗುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಸ್ಥಿತಿ ಬರುತ್ತದೆ, ಅದು ಕ್ಯಾನ್ಸರಿಗೆ ತಿರುಗುವ ಸಂಭವವೂ ಇದೆ. ಮೂರು ಬೆರಳುಗಳನ್ನು ನಿಲ್ಲಿಸಿ ಬಾಯೊಳಗೆ ಇಡಲು ಆಗದವರು ಅಂದದ ಮಾತನ್ನು ಬದಿಗಿಟ್ಟು ಮೊದಲು ಅದನ್ನು ತೋರಿಸಿಕೊಳ್ಳಬೇಕು. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ಅದನ್ನೂ ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ವೆನೀರ್ ಒಡೆಯುವುದಕ್ಕೆ ಅದೊಂದು ದೊಡ್ಡ ಕಾರಣ.

ಬಣ್ಣದ ತೊಂದರೆಗೆ

ವಯಸ್ಸಿನೊಂದಿಗೆ ಹಳದಿಗೆ ತಿರುಗಿದ ಹಲ್ಲಿಗೆ ಬ್ಲೀಚಿಂಗ್ ಸಾಕಾಗುತ್ತದೆ. ಕ್ಲಿನಿಕ್ಕಿನಲ್ಲಿ ಕೂರಿಸಿ ಹೆಚ್ಚು ಸಾಂದ್ರತೆಯ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚುವುದು ಒಂದು ಬಗೆ. ನಮ್ಮ ಹಲ್ಲಿನ ಅಳತೆಗೆ ಮಾಡಿಸಿದ ಟ್ರೇಯಲ್ಲಿ ಶೇ 10ರಷ್ಟು ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಹಾಕಿಕೊಂಡು ಎರಡು ಮೂರು ವಾರ ರಾತ್ರಿ ಮನೆಯಲ್ಲೇ ಬಳಸುವುದು ಇನ್ನೊಂದು ಬಗೆ. ಎರಡನೆಯದು ನಿಧಾನ, ಆದರೆ ಜುಂ ಎನ್ನುವ ನೋವು ಕಡಿಮೆ ಇರುವುದರಿಂದ ನನಗೆ ಅದೇ ಹೆಚ್ಚು ಒಪ್ಪಿಗೆ. ಬ್ಲೀಚಿಂಗ್‌ನಿಂದ ಹಳೆಯ ಫಿಲ್ಲಿಂಗ್, ಕ್ಯಾಪ್, ವೆನೀರ್‌ಗಳ ಬಣ್ಣ ಬದಲಾಗುವುದಿಲ್ಲ. ಹಾಗಾಗಿ ಎರಡೂ ಬೇಕಿರುವವರು ಮೊದಲು ಬ್ಲೀಚ್ ಮಾಡಿಸಿ, ಎರಡು ವಾರವಾದರೂ ಬಿಟ್ಟು, ಬಳಿಕ ವೆನೀರ್ ಅಂಟಿಸಿಕೊಳ್ಳಬೇಕು. ಹಲ್ಲಿನಲ್ಲಿ ಉಳಿದಿರುವ ಆಮ್ಲಜನಕವು ಅಂಟಿನ ಹಿಡಿತವನ್ನು ಕೆಡಿಸುತ್ತದೆ. ಹಿಂದೆಂದೋ ಪೆಟ್ಟು ಬಿದ್ದು ಒಂದೇ ಒಂದು ಹಲ್ಲು ಕಪ್ಪಾಗಿದ್ದರೆ ಒಳಗಿನ ನರ ಸತ್ತಿರುವ ಸಾಧ್ಯತೆ ಹೆಚ್ಚು. ಅದಕ್ಕೆ ರೂಟ್ ಕೆನಾಲ್ ಮಾಡಿಸಿ ಹಲ್ಲಿನ ಒಳಗಿನಿಂದ ಬ್ಲೀಚ್ ಮಾಡಿಸುವುದು ದಾರಿ.

ಕರ್ನಾಟಕದಲ್ಲಿ ಈ ಮಾತು ಬಂದಾಗ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲು ಕೆಡುವ ಫ್ಲೋರೋಸಿಸ್ ಅನ್ನು ಬಿಟ್ಟು ಮುಂದೆ ಹೋಗಲಾಗದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ರಾಯಚೂರು, ಕೊಪ್ಪಳದ ಕಡೆ ಕೊಳವೆಬಾವಿಯ ನೀರು ಕುಡಿದು ಬೆಳೆದವರ ಬಾಚಿಹಲ್ಲುಗಳ ಮೇಲೆ ಬಿಳಿ ಚುಕ್ಕೆ, ಕಂದು ಪಟ್ಟೆ, ಹೆಚ್ಚಾದರೆ ಸಣ್ಣ ಗುಳಿಗಳು ಕಾಣುತ್ತವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಆಗಬಹುದು ಎಂಬುದು ಭಾರತೀಯ ಮಾನಕ ಬ್ಯೂರೋದ ಮಿತಿ. ಅದಕ್ಕೂ ಮೀರಿದ ನೀರನ್ನು ಎಳೆಯ ವಯಸ್ಸಿನಲ್ಲಿ, ದವಡೆಯೊಳಗೆ ಕಾಯಂ ಹಲ್ಲು ರೂಪುಗೊಳ್ಳುತ್ತಿರುವ ವರ್ಷಗಳಲ್ಲಿ, ಕುಡಿದರೆ ಎನಾಮೆಲ್ ಸರಿಯಾಗಿ ಬಲಿಯುವುದಿಲ್ಲ. ಇದು ಹಲ್ಲುಜ್ಜದ ಕೊಳೆಯಲ್ಲ. ಇದ್ದಿಲು, ಇಟ್ಟಿಗೆ ಪುಡಿ, ನಿಂಬೆರಸ ಹಾಕಿ ತಿಕ್ಕಿದರೆ ಇರುವ ಎನಾಮೆಲ್ಲೂ ಸವೆಯುತ್ತದೆಯೇ ಹೊರತು ಕಲೆ ಹೋಗುವುದಿಲ್ಲ.

ಫ್ಲೋರೋಸಿಸ್ ಇರುವವರಿಗೆ ಮೊದಲ ಭೇಟಿಯಲ್ಲೇ ಎಂಟು ಹತ್ತು ವೆನೀರ್‌ಗಳನ್ನು ಹೇಳಿಬಿಡುವುದುಂಟು, ಅದಕ್ಕೆ ಒಪ್ಪುವ ಮೊದಲು ಸ್ವಲ್ಪ ತಡೆಯಬೇಕು. ಬಿಳಿ ಚುಕ್ಕೆಗಳಷ್ಟೇ ಇದ್ದರೆ, ಬ್ಲೀಚಿಂಗ್‌ನಿಂದ ಸುತ್ತಲಿನ ಹಲ್ಲನ್ನು ತಿಳಿಯಾಗಿಸಿ ಚುಕ್ಕೆ ಎದ್ದು ಕಾಣದಂತೆ ಮಾಡಬಹುದು, ಅಥವಾ ನೀರಿನಷ್ಟು ತೆಳುವಾದ ರೆಸಿನ್ ಅನ್ನು (ಗಟ್ಟಿಯಾಗುವ ರಾಳದಂತಹ ದ್ರವವನ್ನು) ಚುಕ್ಕೆಯೊಳಕ್ಕೆ ಇಳಿಸುವ ರೆಸಿನ್ ಇನ್‌ಫಿಲ್ಟ್ರೇಶನ್ ಮಾಡಿಸಬಹುದು. ಕಂದು ಪಟ್ಟೆಗಳಿಗೆ ಮೈಕ್ರೋಅಬ್ರೇಶನ್ ಇದೆ: ವಸಡಿಗೆ ತಾಗದಂತೆ ರಬ್ಬರ್ ಹಾಳೆ ಕಟ್ಟಿ, ಹೈಡ್ರೋಕ್ಲೋರಿಕ್ ಆಮ್ಲ ಬೆರೆತ ಒರಟು ಪೇಸ್ಟಿನಿಂದ ಮೇಲ್ಪದರದ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟನ್ನು ಮಾತ್ರ ಉಜ್ಜಿ ತೆಗೆಯುತ್ತಾರೆ. ಇವೆರಡನ್ನೂ ಮಾಡಿ ನೋಡಿದ ಮೇಲೂ ಕಲೆ ಉಳಿದರೆ ಅಥವಾ ಗುಳಿಗಳಿದ್ದರೆ ಆಗ ವೆನೀರಿನ ಮಾತು. ಫ್ಲೋರೋಸಿಸ್ ಆದ ಎನಾಮೆಲ್ಲಿನ ಮೇಲ್ಪದರ, ಅಂಟಿಸುವ ಮೊದಲು ಹಲ್ಲನ್ನು ಒರಟಾಗಿಸಲು ಹಚ್ಚುವ ಆಮ್ಲಕ್ಕೆ ಬೇಗ ಬಗ್ಗುವುದಿಲ್ಲವಾದ್ದರಿಂದ ಅಂಟು ಹಿಡಿಯುವುದೂ ಕಷ್ಟ. ಇಂತಹ ಹಲ್ಲುಗಳನ್ನು ನಿತ್ಯ ನೋಡುವ ವೈದ್ಯರನ್ನೇ ಹುಡುಕಿದರೆ ಒಳ್ಳೆಯದು.

ವೆನೀರ್ ಹಾಕಿಸುವ ಕ್ರಮ

ವೆನೀರ್ ಎಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳುವಾದ ಪದರ. ಹಲ್ಲಿನ ಬಣ್ಣದ ರೆಸಿನ್ ಆದ ಕಾಂಪೊಸಿಟ್‌ನ ವೆನೀರನ್ನು ವೈದ್ಯರು ಬಾಯಿಯಲ್ಲೇ ಪದರ ಪದರವಾಗಿ ಕಟ್ಟುತ್ತಾರೆ. ಒಂದೇ ಭೇಟಿಯಲ್ಲಿ ಮುಗಿಯುತ್ತದೆ, ಹಲ್ಲನ್ನು ಉಜ್ಜಬೇಕಾದ್ದು ತೀರಾ ಕಡಿಮೆ ಅಥವಾ ಇಲ್ಲವೇ ಇಲ್ಲ, ಮುಕ್ಕಾದರೆ ಅಲ್ಲೇ ತೇಪೆ ಹಾಕಬಹುದು. ಆದರೆ ಕೆಲವು ವರ್ಷಗಳಲ್ಲಿ ಬಣ್ಣಗೆಡುತ್ತದೆ, ಆಗಾಗ ಪಾಲಿಶ್ ಬೇಡುತ್ತದೆ. ಪಿಂಗಾಣಿಯ ವೆನೀರನ್ನು ಲ್ಯಾಬಿನಲ್ಲಿ ಮಾಡಿಸುತ್ತಾರೆ. ಅದಕ್ಕೆ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು ಎನಾಮೆಲ್ ತೆಗೆಯಬೇಕಾಗುತ್ತದೆ. ಕಲೆ ಹಿಡಿಯುವುದಿಲ್ಲ, ಚೆನ್ನಾಗಿ ಮಾಡಿದ್ದು ಹತ್ತು ಹದಿನೈದು ವರ್ಷ ಬಾಳುತ್ತದೆ, ಆದರೆ ಹಿಂದಕ್ಕೆ ಹೋಗುವ ದಾರಿ ಇಲ್ಲ. ಅದು ಹೋದ ದಿನ ಇನ್ನೊಂದನ್ನು ಹಾಕಿಸಲೇಬೇಕು. ಇಪ್ಪತ್ತರ ಹರೆಯದವರು ಪಿಂಗಾಣಿ ವೆನೀರ್ ಹಾಕಿಸಿಕೊಂಡರೆ ಜೀವಮಾನದಲ್ಲಿ ಮೂರು ನಾಲ್ಕು ಬಾರಿ ಅದನ್ನು ಬದಲಿಸುವ ಖರ್ಚಿಗೂ ಸಹಿ ಹಾಕಿದಂತೆಯೇ. ಅವರಿಗೆ ಕಾಂಪೊಸಿಟ್ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಪಿಂಗಾಣಿಯನ್ನೇ ಆರಿಸಿಕೊಂಡವರು, ವೈದ್ಯರು ಹಲ್ಲನ್ನು ಉಜ್ಜಿ ತೆಗೆಯುವ ಮೊದಲು ‘ಮಾಕಪ್’ ತೋರಿಸಲೇಬೇಕೆಂದು ಕೇಳಬೇಕು. ಹಲ್ಲಿನ ಅಚ್ಚಿನ ಮೇಲೆ ಹೊಸ ಆಕಾರವನ್ನು ಮೇಣದಲ್ಲಿ ಕಡೆದು, ಅದರ ಪಡಿಯಚ್ಚಿನಿಂದ ತಾತ್ಕಾಲಿಕ ರೆಸಿನ್ ಅನ್ನು ಇನ್ನೂ ಮುಟ್ಟದ ಹಲ್ಲುಗಳ ಮೇಲೆ ಕೂರಿಸಿ ತೋರಿಸುವುದೇ ಮಾಕಪ್. ಆಗ ಕನ್ನಡಿಯ ಮುಂದೆ ಹಲ್ಲು ಕಿರಿದು ನೋಡಿಕೊಂಡರೆ ಸಾಲದು. ಕುರ್ಚಿಯಲ್ಲಿ ನೆಟ್ಟಗೆ ಕೂತು ಮಾತನಾಡಬೇಕು. ‘ಕಾಫಿ’, ‘ಫೋನು’ ಎನ್ನುವಾಗ ಮೇಲಿನ ಬಾಚಿಹಲ್ಲಿನ ಅಂಚು ಕೆಳತುಟಿಯ ಒಳ ಅಂಚಿಗೆ ಹಗುರವಾಗಿ ತಾಗಬೇಕು. ತುಟಿಯನ್ನು ಒತ್ತುತ್ತಿದ್ದರೆ ಹಲ್ಲು ಉದ್ದವಾಯಿತೆಂದು ಅರ್ಥ. ‘ಸಾಸಿವೆ’ ಎನ್ನುವಾಗ ಶಿಳ್ಳೆಯ ಸದ್ದು ಬಂದರೆ ಅದನ್ನೂ ಆಗಲೇ ಹೇಳಬೇಕು. ರೆಸಿನ್ ಅನ್ನು ಕೆರೆದು ಸರಿಪಡಿಸಲು ಐದು ನಿಮಿಷ ಸಾಕು, ಅಂಟಿಸಿದ ಪಿಂಗಾಣಿಯನ್ನು ಹಾಗೆ ಸರಿಪಡಿಸಲಾಗುವುದಿಲ್ಲ. ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದು ಆ ದಿನ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಬಣ್ಣವನ್ನು ಭೇಟಿಯ ಆರಂಭದಲ್ಲೇ, ಹಗಲು ಬೆಳಕಿನಲ್ಲಿ, ಲಿಪ್‌ಸ್ಟಿಕ್ ಇಲ್ಲದೆ ಆರಿಸಬೇಕು. ಬಾಯಿ ತೆರೆದುಕೊಂಡು ಕೆಲಹೊತ್ತು ಕೂತರೆ ಹಲ್ಲು ಒಣಗಿ ಇದ್ದುದಕ್ಕಿಂತ ಬೆಳ್ಳಗೆ ಕಾಣುತ್ತದೆ, ಆಗ ಶೇಡ್ ತಪ್ಪುತ್ತದೆ. ಸಹಜ ಹಲ್ಲು ವಸಡಿನ ಬಳಿ ತುಸು ಹಳದಿಯಾಗಿಯೂ ತುದಿಯಲ್ಲಿ ತುಸು ಪಾರದರ್ಶಕವಾಗಿಯೂ ಇರುತ್ತದೆ, ಕೋರೆಹಲ್ಲು ಪಕ್ಕದವಕ್ಕಿಂತ ಒಂದು ಛಾಯೆ ಗಾಢವಾಗಿರುತ್ತದೆ. ಎಲ್ಲವೂ ಸುಣ್ಣ ಬಳಿದ ಗೋಡೆಯಂತೆ ಒಂದೇ ಬಿಳುಪಾದರೆ ಎದುರು ಕೂತವರ ಕಣ್ಣು ಮುಖಕ್ಕಿಂತ ಮೊದಲು ಹಲ್ಲಿಗೇ ಹೋಗುತ್ತದೆ.

ಅಂಟಿಸಿದ ಮೇಲೆ ಪ್ರತಿ ಎರಡು ಹಲ್ಲುಗಳ ನಡುವೆ ಫ್ಲಾಸ್ ದಾರ ಸಿಕ್ಕಿಕೊಳ್ಳದೆ, ಎಳೆ ಬಿಚ್ಚದೆ ಹಾದುಹೋಗಬೇಕು. ಅಲ್ಲಿ ಸಿಕ್ಕಿಕೊಂಡರೆ ಅಂಚಿನಲ್ಲಿ ಸಿಮೆಂಟು ಉಳಿದಿದೆ ಎಂದೇ ತಿಳಿದು ಅಂದೇ ತೆಗೆಸಬೇಕು. ಚಕ್ಕುಲಿ, ಕಬ್ಬನ್ನು ಮುಂದಿನ ಹಲ್ಲಿನಿಂದ ಕಚ್ಚುವುದನ್ನು ಬಿಡಬೇಕು. ರಾತ್ರಿ ಹಲ್ಲು ಕಡಿಯುವವರು ಹಲ್ಲಿನ ಮೇಲೆ ಕೂರುವ ಪ್ಲಾಸ್ಟಿಕ್ ಕವಚವಾದ ನೈಟ್ ಗಾರ್ಡ್ ಹಾಕಿಕೊಂಡೇ ಮಲಗಬೇಕು.

ಸಾಲು ತಪ್ಪಿದ ಅಥವಾ ಉಬ್ಬಿದ ಹಲ್ಲುಗಳನ್ನು ಉಜ್ಜಿ ವೆನೀರಿನಿಂದ ನೇರ ಮಾಡಿಸಿಕೊಳ್ಳುವುದು ಬೇಗನೆ ಮುಗಿಯುವ ದಾರಿಯಂತೆ ಕಂಡರೂ, ಕೆಲವೊಮ್ಮೆ ಎನಾಮೆಲ್ ದಾಟಿ ಒಳಗಿನ ಡೆಂಟಿನ್‌ವರೆಗೆ ಉಜ್ಜಬೇಕಾಗುತ್ತದೆ. ಇದಕ್ಕೆ ಹಲ್ಲಿಗೆ ತಂತಿ ಕಟ್ಟಿಸುವುದು ಅಥವಾ ಅಲೈನರ್ (ಹಲ್ಲನ್ನು ನಿಧಾನವಾಗಿ ಸರಿಸುವ ಪಾರದರ್ಶಕ ಪ್ಲಾಸ್ಟಿಕ್ ಟ್ರೇ) ಸರಿಯಾದ ಚಿಕಿತ್ಸೆ, ಒಂದೆರಡು ವರ್ಷ ಹಿಡಿದರೂ ಚಿಂತೆಯಿಲ್ಲ.

ಹಲ್ಲೇ ಇಲ್ಲದ ಜಾಗಕ್ಕೆ

ಹಲ್ಲು ಕಟ್ಟಿಸಿಕೊಳ್ಳಲು ಮೂರು ದಾರಿಗಳಿವೆ. ತೆಗೆದು ಹಾಕುವ ಹಲ್ಲಿನ ಸೆಟ್ ಅಗ್ಗ. ಖಾಲಿ ಜಾಗದ ಮೇಲೆ ಸೇತುವೆಯಂತೆ ಹಲ್ಲು ನಿಲ್ಲಿಸುವ ಬ್ರಿಜ್‌ಗೆ ಅಕ್ಕಪಕ್ಕದ ಎರಡು ಹಲ್ಲುಗಳನ್ನು ಸುತ್ತಲೂ ಉಜ್ಜಬೇಕು. ಅವೆರಡಕ್ಕೂ ಈಗಾಗಲೇ ಕ್ಯಾಪ್ ಬೇಕಾಗಿದ್ದರೆ ಅದು ನ್ಯಾಯ, ಆರೋಗ್ಯವಾಗಿದ್ದರೆ ಅನ್ಯಾಯ. ಅಕ್ಕಪಕ್ಕದ ಹಲ್ಲನ್ನು ಮುಟ್ಟದಿರುವುದು ಇಂಪ್ಲಾಂಟ್, ಅಂದರೆ ದವಡೆಯ ಮೂಳೆಗೆ ಲೋಹದ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವುದು. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಕಾಲಿನ ಮೂಳೆಗೆ ಕೂರಿಸಿದ್ದ ಟೈಟಾನಿಯಂ ಉಪಕರಣ ಮೂಳೆಯೊಂದಿಗೆ ಬೆಸೆದುಕೊಂಡು ಕೀಳಲು ಬಾರದಾದುದನ್ನು ಗಮನಿಸಿ, 1965ರಲ್ಲಿ ಮೊದಲ ರೋಗಿಯ ದವಡೆಗೆ ಅದೇ ಲೋಹದ ಇಂಪ್ಲಾಂಟ್‌ಗಳನ್ನು ಕೂರಿಸಿದರು. ಇಂದಿಗೂ ಕೆಲಸ ನಡೆಯುವುದು ಆ ತತ್ವದ ಮೇಲೆಯೇ.

ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್‌ನಿಂದ ಮೂಳೆಯ ಎತ್ತರ, ದಪ್ಪ, ಕೆಳದವಡೆಯಲ್ಲಿ ನರ ಹಾದುಹೋಗುವ ಜಾಗ ಇವನ್ನು ಅಳೆದ ಮೇಲೆ, ಆ ಜಾಗವನ್ನಷ್ಟೇ ಮರಗಟ್ಟಿಸಿ, ಸುಮಾರು 4 ಮಿಲಿಮೀಟರ್ ದಪ್ಪ, 10 ಮಿಲಿಮೀಟರ್ ಉದ್ದದ ಟೈಟಾನಿಯಂ ಸ್ಕ್ರೂವನ್ನು ಮೂಳೆಗೆ ಕೂರಿಸುತ್ತಾರೆ. ಕೊರೆಯುವಾಗ ಸಲೈನ್ ಸುರಿಯುತ್ತಲೇ ಇರುವುದಕ್ಕೆ ಕಾರಣವಿದೆ: ಮೂಳೆ 47 ಡಿಗ್ರಿಯ ಬಿಸಿಯಲ್ಲಿ ಒಂದು ನಿಮಿಷ ಇದ್ದರೂ ಹಾನಿಗೊಳ್ಳುತ್ತದೆ, ಆಮೇಲೆ ಬೆಸೆಯುವುದಿಲ್ಲ. ನಂತರ ಮೂರರಿಂದ ಆರು ತಿಂಗಳು ಕಾದು, ಅದರ ಮೇಲೆ ಅಬಟ್‌ಮೆಂಟ್ ಎಂಬ ಕಂಬವನ್ನೂ ಕ್ಯಾಪನ್ನೂ ಕೂರಿಸುತ್ತಾರೆ. ಮೇಲ್ದವಡೆಯ ಮೂಳೆ ಮೆದುವಾದ್ದರಿಂದ ಅಲ್ಲಿ ಕಾಯುವ ಕಾಲ ಹೆಚ್ಚು. ‘ಮೂರೇ ದಿನದಲ್ಲಿ ಹಲ್ಲು’ ಎಂಬ ಜಾಹೀರಾತು ಸುಳ್ಳೆಂದಲ್ಲ. ಮೂಳೆ ಗಟ್ಟಿಯಾಗಿದ್ದು ಸ್ಕ್ರೂ ಮೊದಲ ದಿನವೇ ಬಿಗಿಯಾಗಿ ಹಿಡಿದವರಿಗೆ ಅದು ಆಗುತ್ತದೆ, ಎಲ್ಲರಿಗೂ ಅಲ್ಲ.

ಹೊರದೇಶದಿಂದ ರಜೆಗೆ ಬಂದು ಇಲ್ಲಿ ಚಿಕಿತ್ಸೆ ಮಾಡಿಸಿಕೊಳ್ಳುವ ಕನ್ನಡಿಗರು ಇದಕ್ಕೆ ತಕ್ಕಂತೆ ಒಂದು ರಜೆಯಲ್ಲಿ ಇಂಪ್ಲಾಂಟ್, ಮುಂದಿನ ರಜೆಯಲ್ಲಿ ಕ್ಯಾಪ್ ಎಂದು ಯೋಜಿಸಿಕೊಳ್ಳಬಹುದು. ಆದರೆ ವಿಮಾನ ಹತ್ತುವ ಹಿಂದಿನ ದಿನ ಶಸ್ತ್ರಚಿಕಿತ್ಸೆ ಬೇಡ. ಹೊಲಿಗೆ ಬಿಚ್ಚುವವರೆಗಾದರೂ ಊರಿನಲ್ಲಿರಬೇಕು.

ಸಕ್ಕರೆ ಕಾಯಿಲೆಯವರು ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟ ತಿಳಿಸುವ ರಕ್ತಪರೀಕ್ಷೆ) ಶೇ 7ರ ಆಸುಪಾಸಿಗೆ ಬರುವವರೆಗೆ ಕಾಯಬೇಕು. ಬೀಡಿ ಸಿಗರೇಟು ಸೇದುವವರಲ್ಲಿ ಇಂಪ್ಲಾಂಟ್ ಸೋಲುವ ಸಂಭವ ಹೆಚ್ಚು. ಮೂಳೆ ಸವೆತಕ್ಕೆ ಅಲೆಂಡ್ರೊನೇಟ್ ಮಾತ್ರೆ ಅಥವಾ ಜೋಲೆಡ್ರೊನಿಕ್ ಆಮ್ಲದ ಇಂಜೆಕ್ಷನ್ ತೆಗೆದುಕೊಂಡವರು, ದವಡೆಗೆ ವಿಕಿರಣ ಚಿಕಿತ್ಸೆ ಆದವರು ಅದನ್ನು ಮೊದಲೇ ತಿಳಿಸಬೇಕು; ಇವರಲ್ಲಿ ದವಡೆಯ ಮೂಳೆ ಮಾಯದೆ ಕೊಳೆಯುವ ಅಪಾಯವಿದೆ. ಆಟವಾಡುವಾಗ ಮುಂದಿನ ಹಲ್ಲು ಕಳೆದುಕೊಂಡ ಹದಿನಾಲ್ಕರ ಹುಡುಗನಿಗೆ ಇಂಪ್ಲಾಂಟ್ ಹಾಕಿಸಬಾರದು. ಅವನ ದವಡೆ ಬೆಳೆದು ಪಕ್ಕದ ಹಲ್ಲುಗಳು ಇಳಿಯುತ್ತವೆ, ಇಂಪ್ಲಾಂಟ್ ಮಾತ್ರ ಇದ್ದಲ್ಲೇ ಉಳಿಯುತ್ತದೆ. ಬೆಳವಣಿಗೆ ಮುಗಿಯುವವರೆಗೆ ಪಕ್ಕದ ಹಲ್ಲಿನ ಹಿಂಬದಿಗೆ ಅಂಟಿಸುವ ಬ್ರಿಜ್ ಸಾಕು.

ಎಲ್ಲ ಹಲ್ಲೂ ಹೋಗಿ ಕೆಳಗಿನ ಸೆಟ್ ಊಟ ಮಾಡುವಾಗ ಅಲುಗಾಡಿ ಸಂಕಟಪಡುವ ಹಿರಿಯರಿಗೆ ಬಾಯಿ ತುಂಬ ಇಂಪ್ಲಾಂಟ್ ಬೇಕಿಲ್ಲ. ಕೆಳದವಡೆಯ ಮುಂಭಾಗದಲ್ಲಿ ಎರಡೇ ಇಂಪ್ಲಾಂಟ್ ಹಾಕಿಸಿ, ಸೆಟ್ಟಿನ ಒಳಗೆ ಗುಂಡಿಯಂತಹ ಹಿಡಿಕೆ ಕೂರಿಸಿದರೆ ಸೆಟ್ ಅಲ್ಲಾಡದೆ ನಿಲ್ಲುತ್ತದೆ. ಖರ್ಚು ಮಾಡಿದ್ದಕ್ಕೆ ಇಷ್ಟು ಪ್ರತಿಫಲ ಕೊಡುವ ಚಿಕಿತ್ಸೆ ಈ ಪಟ್ಟಿಯಲ್ಲಿ ಇನ್ನೊಂದಿಲ್ಲ. ಬಡ ಹಿರಿಯರಿಗೆ ಉಚಿತವಾಗಿ ಸೆಟ್ ಕೊಡಲೆಂದು ರಾಜ್ಯ ಸರ್ಕಾರ ‘ದಂತಭಾಗ್ಯ’ ಯೋಜನೆಯನ್ನು ತಂದಿತ್ತು. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ ಅಥವಾ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ಈಗಿನ ಸೌಲಭ್ಯವನ್ನು ವಿಚಾರಿಸಬಹುದು.

ಯಾರ ಬಳಿ ಹೋಗಬೇಕು

ನಮ್ಮಲ್ಲಿ ‘ಕಾಸ್ಮೆಟಿಕ್ ಡೆಂಟಿಸ್ಟ್ರಿ’ ಎಂಬ ಪ್ರತ್ಯೇಕ ಎಂಡಿಎಸ್ (ದಂತವೈದ್ಯಕೀಯ ಸ್ನಾತಕೋತ್ತರ ಪದವಿ) ವಿಭಾಗವಿಲ್ಲ, ಫಲಕದಲ್ಲಿ ಹಾಗೆ ಬರೆದಿರುವುದು ಪದವಿಯಲ್ಲ. ಕ್ಯಾಪ್, ವೆನೀರ್, ಇಂಪ್ಲಾಂಟಿನ ಮೇಲಿನ ಹಲ್ಲಿಗೆ ಪ್ರಾಸ್ತೊಡಾಂಟಿಕ್ಸ್, ಬ್ಲೀಚಿಂಗ್ ಹಾಗೂ ಕಾಂಪೊಸಿಟ್ ಕೆಲಸಕ್ಕೆ ಕನ್ಸರ್ವೇಟಿವ್ ಡೆಂಟಿಸ್ಟ್ರಿ, ತಂತಿಗೆ ಆರ್ಥೊಡಾಂಟಿಕ್ಸ್ ಓದಿದವರಿರುತ್ತಾರೆ. ವೈದ್ಯರ ಹೆಸರು ರಾಜ್ಯ ದಂತ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು. ಬೀದಿಬದಿಯಲ್ಲಿ ಪಕ್ಕದ ಹಲ್ಲಿಗೆ ತಂತಿ ಸುತ್ತಿ ಅಕ್ರಿಲಿಕ್ ಹಲ್ಲು ಕಟ್ಟಿಕೊಡುವವರ ಕೆಲಸ ಪಕ್ಕದ ಹಲ್ಲನ್ನೂ ಅಲ್ಲಾಡಿಸಿ ಬೀಳಿಸುತ್ತದೆ. ಖರ್ಚಿನ ಚಿಂತೆಯಿರುವವರು ಧಾರವಾಡ, ದಾವಣಗೆರೆ, ಮೈಸೂರು, ಮಂಗಳೂರು, ಮಣಿಪಾಲದ ದಂತ ಕಾಲೇಜುಗಳಲ್ಲಿ ವಿಚಾರಿಸಬೇಕು. ಅಲ್ಲಿ ಭೇಟಿಗಳು ಹೆಚ್ಚು, ಶುಲ್ಕ ಸಾಮಾನ್ಯವಾಗಿ ಕಡಿಮೆ. ಅಂದಕ್ಕಾಗಿ ಮಾಡಿಸುವ ಚಿಕಿತ್ಸೆಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ.

ಒಂದು ಇಂಪ್ಲಾಂಟಿಗೆ ಹತ್ತಾರು ಸಾವಿರ ರೂಪಾಯಿ ಆಗುವುದರಿಂದ, ಹೇಳಿದ ಬೆಲೆಯಲ್ಲಿ ಸ್ಕ್ಯಾನ್, ಮೂಳೆ ಕಸಿ, ಅಬಟ್‌ಮೆಂಟ್, ಕ್ಯಾಪ್ ಎಲ್ಲವೂ ಸೇರಿದೆಯೇ ಎಂಬುದನ್ನು ಬರೆಸಿಕೊಳ್ಳಬೇಕು. ಕೆಲಸ ಮುಗಿದ ದಿನ ಇಂಪ್ಲಾಂಟಿನ ಕಂಪನಿ, ಮಾದರಿ, ಅಳತೆ ಮತ್ತು ಲಾಟ್ ಸಂಖ್ಯೆ ಇರುವ ಕಾರ್ಡು, ಕೊನೆಯ ಎಕ್ಸ್‌ರೇ, ವೆನೀರಿನದಾದರೆ ಶೇಡ್ ಸಂಖ್ಯೆ ಇವನ್ನು ಕೇಳಿ ಪಡೆಯಬೇಕು. ಒಂದು ಕಂಪನಿಯ ಸ್ಕ್ರೂಗೆ ಇನ್ನೊಂದರ ಸ್ಕ್ರೂಡ್ರೈವರ್ ಎಷ್ಟೋ ಸಲ ಹೊಂದುವುದಿಲ್ಲ. ಹತ್ತು ವರ್ಷದ ನಂತರ ಬೇರೆ ಊರಿನಲ್ಲಿ ಕ್ಯಾಪ್ ಸಡಿಲವಾದರೆ ಆ ಕಾರ್ಡಿಲ್ಲದೆ ಅಲ್ಲಿನ ವೈದ್ಯರಿಗೆ ಅದನ್ನು ಬಿಗಿ ಮಾಡುವುದೂ ಕಷ್ಟವಾಗುತ್ತದೆ.