ಮೇ ತಿಂಗಳ ಸೆಖೆಯಲ್ಲಿ ಅಮ್ಮ ಹೊದಿಕೆ ಕೇಳಿದರು

ಉಡುಪಿಯ ಮೇ ತಿಂಗಳ ಸೆಖೆ ನಿಮಗೆ ಗೊತ್ತುಂಟಲ್ಲ? ಅಂಥದ್ದರಲ್ಲಿ ಅಮ್ಮ ಫ್ಯಾನ್ ಆಫ್ ಮಾಡಿಸಿ ಹೊದಿಕೆ ಕೇಳಿದರು. ಮುಖ ಊದಿತ್ತು, ಮಾತು ನಿಧಾನವಾಗಿತ್ತು, ಮಲಬದ್ಧತೆ ಬೇರೆ. ಪ್ರಾಯ ಆಯ್ತಲ್ಲ ಅಂತ ನಾವೆಲ್ಲ ಸುಮ್ಮನಿದ್ದದ್ದು ತಪ್ಪು. ಎದೆಬಡಿತ ತಾಳ ತಪ್ಪುವುದಕ್ಕೆ ಎಂಟು ತಿಂಗಳಿಂದ ಅಮಿಯೊಡರೋನ್ ತೆಗೆದುಕೊಳ್ಳುತ್ತಿದ್ದರು. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡಿಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನು) 38 ಬಂತು. ಇರಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು, ಅಂದರೆ ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಮಂದವಾಗಿತ್ತು.

ಅಮಿಯೊಡರೋನ್ ಮದ್ದಿನ ತೂಕದಲ್ಲಿ ಮೂರನೇ ಒಂದಂಶಕ್ಕಿಂತ ಹೆಚ್ಚು ಅಯೋಡಿನ್. 200 ಮಿಲಿಗ್ರಾಂ ಮಾತ್ರೆಯಿಂದ ದಿನಕ್ಕೆ ಸುಮಾರು 6 ಮಿಲಿಗ್ರಾಂ ಅಯೋಡಿನ್ ಮೈಗೆ ಬಿಡುಗಡೆಯಾಗುತ್ತದೆ. ನಮಗೆ ದಿನಕ್ಕೆ ಬೇಕಾದ್ದು 150 ಮೈಕ್ರೊಗ್ರಾಂ, ಅಂದರೆ 0.15 ಮಿಲಿಗ್ರಾಂ ಮಾತ್ರ. ಅಯೋಡಿನ್ ಅತಿಯಾದರೆ ಕೆಲವರ ಥೈರಾಯ್ಡ್ ಮಂದವಾಗುತ್ತದೆ. ಹಾಗಾಗಿ ನೆಂಟರು ಹೇಳಿದರೆಂದು ಅಯೋಡಿನ್ ಉಪ್ಪನ್ನೋ ಬಂಗುಡೆ ಸಾರನ್ನೋ ಬಿಡಿಸಿ ಪ್ರಯೋಜನವಿಲ್ಲ.

ಮದ್ದು ಶುರುಮಾಡುವ ಮೊದಲೇ ಟಿಎಸ್‌ಎಚ್, ಫ್ರೀ ಟಿ4 (ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನಿನ ಅಳತೆ) ನೋಡಿಸಿ, ಆಮೇಲೆ ಆರು ತಿಂಗಳಿಗೊಮ್ಮೆ. ಮೊದಲ ಮೂರು ತಿಂಗಳು ಟಿಎಸ್‌ಎಚ್ ತುಸು ಏರಿ ತಾನಾಗಿ ಇಳಿಯುವುದೂ ಉಂಟು, ಆಗ ಡಾಕ್ಟರು ಇನ್ನೊಮ್ಮೆ ಮಾಡಿಸಲು ಹೇಳಿಯಾರು.

ಕೆಲವರಿಗೆ ತದ್ವಿರುದ್ಧವಾಗಿ ಥೈರಾಯ್ಡ್ ಜೋರಾಗುತ್ತದೆ. ಮೈ ಇಳಿಯುವುದು, ಕೈ ನಡುಗುವುದು, ಹತೋಟಿಗೆ ಬಂದಿದ್ದ ಬಡಿತ ಮತ್ತೆ ತಪ್ಪುವುದು ಕಂಡರೆ ಆರು ತಿಂಗಳು ತುಂಬಲಿ ಅಂತ ಕಾಯಬೇಡಿ, ಕೂಡಲೇ ಹೋಗಿ. ಇದೇ ಮದ್ದು ಬಡಿತವನ್ನು ತಗ್ಗಿಸುವುದರಿಂದ ಎದೆ ಢವಗುಟ್ಟುವ ಲಕ್ಷಣ ಅಡಗಿಯೂ ಇರಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್ ಇದ್ದವರಿಗೆ ಥೈರಾಯ್ಡ್ ಬದಲಾದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಕೂಡ ಬದಲಾಗುತ್ತದೆ.

ದಯವಿಟ್ಟು ಹೃದಯದ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಬಿಟ್ಟರೂ ತಿಂಗಳುಗಟ್ಟಲೆ ಅದು ಮೈಯಲ್ಲೇ ಇರುತ್ತದೆ, ಥೈರಾಯ್ಡ್ ಕೂಡಲೇ ಸರಿಯಾಗದು. ಬಡಿತ ಕೆಟ್ಟರೆ ಜೀವಕ್ಕೇ ಅಪಾಯ. ಅಮ್ಮನಿಗೆ ಡಾಕ್ಟರು ಅದನ್ನು ಮುಂದುವರಿಸಿಯೇ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಮಾತ್ರೆ) ಸೇರಿಸಿದರು. ಹೃದಯದವರಿಗೆ ಕಡಿಮೆಯಿಂದ ಶುರು ಅಂತ 25 ಮೈಕ್ರೊಗ್ರಾಂ.

ಕಷ್ಟವಾದದ್ದು ಕಾಫಿ. ಐದೂವರೆಗೆ ಎದ್ದ ಕೂಡಲೇ ಲೋಟ ಹಿಡಿದು ಅಭ್ಯಾಸ ಅಮ್ಮನಿಗೆ. ಥೈರಾಕ್ಸಿನ್ ಖಾಲಿ ಹೊಟ್ಟೆಗೆ, ಬರೀ ನೀರಲ್ಲಿ. ಕಾಫಿ, ತಿಂಡಿ ಒಂದು ಗಂಟೆ ಬಿಟ್ಟು. ಹಾಗಾಗಿ ರಾತ್ರಿಯೇ ಮಾತ್ರೆ, ನೀರು ಮಂಚದ ಪಕ್ಕ ಇಡುತ್ತೇನೆ. ಅವರು ಮಾತ್ರೆ ನುಂಗಿ, ಹೂ ಕೊಯ್ದು, ದೇವರಿಗೆ ದೀಪ ಇಟ್ಟು ಬರುವಾಗ ಗಂಟೆ ಆಗಿರುತ್ತದೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಬೇಕು, ಅವನ್ನು ಮಧ್ಯಾಹ್ನದ ಊಟಕ್ಕೆ ತಳ್ಳಿದೆವು.

ಆರರಿಂದ ಎಂಟು ವಾರಕ್ಕೆ ಮತ್ತೆ ಟಿಎಸ್‌ಎಚ್ ನೋಡಿ ಡೋಸ್ ಸರಿಮಾಡುತ್ತಾರೆ. ನಾನು ಆ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ, ಏಕಾದಶಿ ಗುರುತು ಮಾಡುವ ಅದೇ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ.