ಋತುಚಕ್ರದ ಲೆಕ್ಕ ಇಡುವ ಬಗೆ, ಅದನ್ನು ಓದುವ ಬಗೆ

ಸ್ತ್ರೀರೋಗ ತಜ್ಞರು ಕೇಳುವ ಮೊದಲ ಪ್ರಶ್ನೆ, ಕಳೆದ ಸಲ ಮುಟ್ಟಾದ ದಿನಾಂಕ ಯಾವುದು ಎಂಬುದು. ಬೆಂಗಳೂರಿನ ಬಡಾವಣೆಗಳಲ್ಲಿ ಥೈರಾಯ್ಡ್, ಹಾರ್ಮೋನ್, ವಿಟಮಿನ್ ಎಂದು ಪರೀಕ್ಷೆಗಳನ್ನು ಪ್ಯಾಕೇಜ್ ಮಾಡಿ ಮಾರುವ ಲ್ಯಾಬುಗಳಿಗೆ ಕೊರತೆಯಿಲ್ಲ. ಆದರೆ ಆ ದಿನಾಂಕವನ್ನಾಗಲಿ, ಅದರ ಹಿಂದಿನ ಆರು ತಿಂಗಳ ದಿನಾಂಕಗಳನ್ನಾಗಲಿ ಯಾವ ಲ್ಯಾಬೂ ಕೊಡಲಾರದು. ಅದನ್ನು ಬರೆದಿಟ್ಟುಕೊಳ್ಳಬೇಕಾದವರು ನಾವೇ. ಸಂತಾನಾರೋಗ್ಯದ ವಿಷಯದಲ್ಲಿ ಯಾವ ಪುಡಿ, ಕಷಾಯ, ಪರೀಕ್ಷೆಗಿಂತಲೂ ಮೊದಲು ಬೇಕಾದುದು ಒಂದು ಪುಟ್ಟ ಪುಸ್ತಕ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸ್ರಾವ ಸರಿಯಾಗಿ ಆರಂಭವಾದ ದಿನವನ್ನು ಮೊದಲನೆಯ ದಿನವೆಂದು ಬರೆಯಬೇಕು. ಅದಕ್ಕೂ ಮುಂಚೆ ಕಾಣುವ ಕಲೆಯನ್ನು ಬೇರೆಯಾಗಿ ಗುರುತಿಸಬೇಕು. ಅಲ್ಲಿಂದ ಮುಂದಿನ ಮುಟ್ಟಿನ ಹಿಂದಿನ ದಿನದವರೆಗೆ ಒಂದು ಚಕ್ರ. ವಯಸ್ಕ ಮಹಿಳೆಯರಲ್ಲಿ ಇದು 24ರಿಂದ 38 ದಿನಗಳವರೆಗೆ ಇದ್ದರೆ ಸಹಜ, ಮೈನೆರೆದ ಮೊದಲ ಕೆಲವು ವರ್ಷಗಳಲ್ಲಿ 45 ದಿನಗಳವರೆಗೂ ಹೋಗಬಹುದು. ಸ್ರಾವವು ಎಂಟು ದಿನಗಳನ್ನು ಮೀರಬಾರದು. ದಿನಾಂಕದ ಪಕ್ಕದಲ್ಲಿ ಬದಲಿಸಿದ ಪ್ಯಾಡುಗಳ ಸಂಖ್ಯೆ, ಗಡ್ಡೆಗಟ್ಟಿದ ರಕ್ತ ಹೋಯಿತೇ, ನೋವಿನಿಂದ ಶಾಲೆ ಅಥವಾ ಕೆಲಸ ತಪ್ಪಿತೇ ಎಂಬುದನ್ನು ಬರೆಯಬೇಕು. ಜ್ವರ, ಊರಿಗೆ ಪ್ರಯಾಣ, ಪರೀಕ್ಷೆಯ ಒತ್ತಡ, ರಾತ್ರಿ ಪಾಳಿ, ತೂಕದಲ್ಲಾದ ಬದಲಾವಣೆ, ಪೂಜೆಗೋ ಮದುವೆಗೋ ಮುಟ್ಟು ಮುಂದೂಡಲು ನುಂಗಿದ ಮಾತ್ರೆ, ಇವೂ ಆ ಪುಟದಲ್ಲಿರಬೇಕು. ಈ ಮಾತ್ರೆಯನ್ನು ವೈದ್ಯರಿಗೆ ಹೇಳುವುದು ಬಹಳಷ್ಟು ಮಂದಿಗೆ ಮರೆತುಹೋಗುತ್ತದೆ.

ಅಂಡಾಣು ಹದಿನಾಲ್ಕನೆಯ ದಿನ ಬಿಡುಗಡೆಯಾಗುತ್ತದೆ ಎಂಬ ಶಾಲೆಯ ಪಾಠ 28 ದಿನಗಳ ಚಕ್ರಕ್ಕೆ ಮಾತ್ರ ಸರಿಹೊಂದುತ್ತದೆ. ಬಿಡುಗಡೆಯ ನಂತರದ ಅವಧಿ ಹೆಚ್ಚಿನವರಲ್ಲಿ ಹನ್ನೆರಡರಿಂದ ಹದಿನಾಲ್ಕು ದಿನಗಳಷ್ಟೇ ಇರುತ್ತದೆ. ಹಿಗ್ಗುವುದು, ಕುಗ್ಗುವುದು ಅದಕ್ಕೂ ಹಿಂದಿನ ಅವಧಿ. ಆದ್ದರಿಂದ 34 ದಿನಗಳ ಚಕ್ರವಿರುವವರಲ್ಲಿ ಅಂಡಾಣು ಹೊರಬರುವುದು ಇಪ್ಪತ್ತನೆಯ ದಿನದ ಸುಮಾರಿಗೆ. ಆ ದಿನಗಳಲ್ಲಿ ಯೋನಿಸ್ರಾವವು ಮೊಟ್ಟೆಯ ಬಿಳಿಲೋಳೆಯಂತೆ ತೆಳುವಾಗಿ ಎಳೆಯಾಗುತ್ತದೆ, ನಂತರ ಬೆಳಿಗ್ಗೆ ಎದ್ದೊಡನೆ ಅಳೆದ ಮೈಯ ಉಷ್ಣತೆ ಸುಮಾರು 0.3 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿ ಮುಂದಿನ ಮುಟ್ಟಿನವರೆಗೆ ಹಾಗೆಯೇ ಉಳಿಯುತ್ತದೆ. ಮೊಬೈಲ್ ಆ್ಯಪ್ ತೋರಿಸುವುದು ಹಿಂದಿನ ತಿಂಗಳುಗಳ ಸರಾಸರಿಯಿಂದ ಮಾಡಿದ ಊಹೆ. ಕೇವಲ ಅದನ್ನು ನಂಬಿ ಗರ್ಭನಿರೋಧಕವನ್ನು ಕೈಬಿಡಬಾರದು.

ಈ ಚಕ್ರ ಏಕೆ ಇಷ್ಟು ಬೇಗ ಏರುಪೇರಾಗುತ್ತದೆ ಎಂಬುದನ್ನು ತಿಳಿಯಲು ವಿಕಾಸದ ಕಡೆ ನೋಡಬೇಕಾಗುತ್ತದೆ. ಮಿದುಳಿನ ಹೈಪೊಥಲಾಮಸ್ ಬಿಟ್ಟುಬಿಟ್ಟು ಸಣ್ಣ ಪ್ರಮಾಣದಲ್ಲಿ ಹಾರ್ಮೋನ್ ಸ್ರವಿಸಿ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸುತ್ತದೆ, ಪಿಟ್ಯುಟರಿ ಅಂಡಾಶಯವನ್ನು ನಡೆಸುತ್ತದೆ, ಅಂಡಾಶಯ ಮೊದಲು ಈಸ್ಟ್ರೊಜೆನ್, ಬಳಿಕ ಪ್ರೊಜೆಸ್ಟರಾನ್ ತಯಾರಿಸುತ್ತದೆ. ಮೇಲಿನ ಆ ಮಿಡಿತದ ಲಯವನ್ನು ನಿರ್ಧರಿಸುವಾಗ ಮಿದುಳು ಕೊಬ್ಬಿನ ಸಂಗ್ರಹ, ಊಟ, ನಿದ್ದೆ, ಒತ್ತಡಗಳೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಏಕೆಂದರೆ ಬರಗಾಲದಲ್ಲಿ ಗರ್ಭ ಧರಿಸಿದವಳಿಗೂ ಅವಳ ಕೂಸಿಗೂ ಉಳಿವು ಕಷ್ಟವಾಗಿತ್ತು. ಹೀಗಾಗಿ ಒಂದು ತಿಂಗಳು ಮುಟ್ಟು ತಡವಾದರೆ ಅದು ದೇಹದ ಸೋಲಲ್ಲ, ಸುತ್ತಲಿನ ಪರಿಸ್ಥಿತಿಗೆ ಅದು ಕೊಟ್ಟ ಉತ್ತರ. ಗರ್ಭದ ಸಾಧ್ಯತೆ ಇದ್ದವರು ಮಾತ್ರ ಬೇರೆ ಯಾವ ಕಾರಣ ಹುಡುಕುವುದಕ್ಕೂ ಮೊದಲು ಗರ್ಭಪರೀಕ್ಷೆ ಮಾಡಿಕೊಳ್ಳಬೇಕು.

ಹಿಂದಿನ ಮಹಿಳೆಯರು ಈಗಿನಷ್ಟು ಸಲ ಮುಟ್ಟಾಗುತ್ತಿರಲಿಲ್ಲ. ಆಫ್ರಿಕಾದ ಕಲಹಾರಿ ಮರುಭೂಮಿಯ ಕುಂಗ್ ಬೇಟೆಗಾರ ಸಮುದಾಯದಲ್ಲಿ ಹುಡುಗಿಯರು ಹದಿನಾರರ ಸುಮಾರಿಗೆ ಮೈನೆರೆಯುತ್ತಿದ್ದರು, ತಾಯಂದಿರು ಗಂಟೆಗೆ ಹಲವು ಸಲ ಮೊಲೆಯೂಡುತ್ತಿದ್ದರು, ಎರಡು ಹೆರಿಗೆಗಳ ನಡುವೆ ಹತ್ತಿರಹತ್ತಿರ ನಾಲ್ಕು ವರ್ಷಗಳ ಅಂತರವಿರುತ್ತಿತ್ತು. ಗರ್ಭನಿರೋಧಕ ಬಳಸದ, ಎಂಟೊಂಬತ್ತು ಮಕ್ಕಳನ್ನು ಹೆರುತ್ತಿದ್ದ ಮಾಲಿ ದೇಶದ ಡೋಗಾನ್ ಮಹಿಳೆಯರನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಬೆವರ್ಲಿ ಸ್ಟ್ರಾಸ್‌ಮನ್, ಅವರು ಜೀವಮಾನದಲ್ಲಿ ಸುಮಾರು 100 ಸಲ ಮುಟ್ಟಾಗುತ್ತಾರೆಂದು ಕಂಡುಕೊಂಡರು. ಹನ್ನೆರಡು, ಹದಿಮೂರಕ್ಕೆ ಮೈನೆರೆದು, ಒಂದೋ ಎರಡೋ ಮಕ್ಕಳನ್ನು ಪಡೆದು, ಭಾರತದಲ್ಲಿ ಸರಾಸರಿ 46–47ರ ಸುಮಾರಿಗೆ ಮುಟ್ಟು ನಿಲ್ಲುವ ಇಂದಿನ ನಗರದ ಮಹಿಳೆಗೆ ಆ ಸಂಖ್ಯೆ 350ರಿಂದ 400. ಅಷ್ಟೂ ಸಲ ರಕ್ತ ಹೋಗುತ್ತದೆ. ಸ್ತನ ಮತ್ತು ಗರ್ಭಕೋಶದ ಅಂಗಾಂಶಗಳು ಹಾರ್ಮೋನುಗಳ ಏರಿಳಿತಕ್ಕೆ ಒಡ್ಡಿಕೊಳ್ಳುತ್ತವೆ. ಸ್ತನ್ಯಪಾನ ಹೆಚ್ಚಾದಷ್ಟೂ ಸ್ತನ ಕ್ಯಾನ್ಸರಿನ ಅಪಾಯ ತಗ್ಗುವುದಕ್ಕೆ, ಗರ್ಭನಿರೋಧಕ ಮಾತ್ರೆ ಅಂಡಾಶಯದ ಹಾಗೂ ಗರ್ಭಕೋಶದ ಒಳಪದರದ ಕ್ಯಾನ್ಸರ್ ಅಪಾಯವನ್ನು ಇಳಿಸುವುದಕ್ಕೆ ಇದು ಒಂದು ಮಟ್ಟಿಗೆ ವಿವರಣೆ ನೀಡುತ್ತದೆ. ಇದರಿಂದ ಹಿಂದಿನ ಬಾಳೇ ಚೆನ್ನಾಗಿತ್ತೆಂದು ತೀರ್ಮಾನಿಸುವುದು ತಪ್ಪು. ಹೆರಿಗೆಯಲ್ಲಿ ಸತ್ತ ತಾಯಂದಿರನ್ನು ಮರೆತವರಷ್ಟೇ ಹಾಗೆ ಹೇಳಬಲ್ಲರು.

ನಮ್ಮ ಊರಿನಲ್ಲಿ ಈ ಲೆಕ್ಕದ ಪುಸ್ತಕ ಹೆಚ್ಚು ಉಪಯೋಗಕ್ಕೆ ಬರುವುದು ಪಿಸಿಓಡಿ ಎಂದು ಎಲ್ಲರ ಬಾಯಲ್ಲಿರುವ, ವೈದ್ಯರು ಪಿಸಿಓಎಸ್ ಎನ್ನುವ, ಮುಟ್ಟನ್ನು ಏರುಪೇರು ಮಾಡುವ ಹಾರ್ಮೋನ್ ಸಮಸ್ಯೆಯಲ್ಲಿ. ಕಾಲೇಜು ಸೇರಿದ ಹುಡುಗಿಗೆ ಎರಡು ತಿಂಗಳು ಮುಟ್ಟು ತಪ್ಪಿದರೆ ಮನೆಯವರು ನೇರವಾಗಿ ಸ್ಕ್ಯಾನಿಂಗ್‌ಗೆ ಕರೆದೊಯ್ಯುತ್ತಾರೆ, ಅಂಡಾಶಯದಲ್ಲಿ ನೀರುಗುಳ್ಳೆಗಳಿವೆ ಎಂಬ ವರದಿ ಬರುತ್ತದೆ, ಮುಂದೆ ಮಕ್ಕಳಾಗುವುದಿಲ್ಲವೆಂಬ ಭಯ ಮನೆಯನ್ನು ಆವರಿಸುತ್ತದೆ. ಮೈನೆರೆದ ಎಂಟು ವರ್ಷಗಳೊಳಗೆ ಅಂಡಾಶಯದಲ್ಲಿ ಇಂಥ ಹಲವು ಗುಳ್ಳೆಗಳು ಕಾಣುವುದು ಸಾಮಾನ್ಯವಾದ್ದರಿಂದ ಆ ವಯಸ್ಸಿನಲ್ಲಿ ಸ್ಕ್ಯಾನಿಂಗ್ ಆಧಾರದ ಮೇಲೆ ಪಿಸಿಓಎಸ್ ಎನ್ನಬಾರದೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ವಯಸ್ಕರಲ್ಲಿ 2003ರ ರಾಟರ್‌ಡ್ಯಾಮ್ ಮಾನದಂಡಗಳ ಪ್ರಕಾರ ಮುಟ್ಟಿನ ಏರುಪೇರು, ಪುರುಷ ಹಾರ್ಮೋನ್ ಹೆಚ್ಚಳದ ಲಕ್ಷಣ, ಸ್ಕ್ಯಾನಿಂಗ್‌ನಲ್ಲಿ ಕಾಣುವ ಬದಲಾವಣೆ, ಈ ಮೂರರಲ್ಲಿ ಎರಡಾದರೂ ಇರಬೇಕು, ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ (ಎದೆಹಾಲು ಉತ್ಪಾದನೆಯ ಹಾರ್ಮೋನ್) ತೊಂದರೆಗಳು ಇಲ್ಲವೆಂದು ಖಚಿತವಾಗಿರಬೇಕು. ಬರೆದಿಟ್ಟ ದಿನಾಂಕಗಳಿದ್ದರೆ ಇವುಗಳಲ್ಲಿ ಮೊದಲನೆಯದು ಯಾವ ಖರ್ಚೂ ಇಲ್ಲದೆ ತಿಳಿಯುತ್ತದೆ.

ಪಿಸಿಓಎಸ್ ಇರುವ ಬಹಳ ಮಂದಿಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ರಕ್ತದಲ್ಲಿ ಅದರ ಪ್ರಮಾಣ ಏರಿರುತ್ತದೆ, ಹಾಗೆ ಏರಿದ ಇನ್ಸುಲಿನ್ ಅಂಡಾಶಯವು ಪುರುಷ ಹಾರ್ಮೋನನ್ನು ಹೆಚ್ಚಾಗಿ ತಯಾರಿಸುವಂತೆ ಮಾಡುತ್ತದೆ. ದಕ್ಷಿಣ ಏಷ್ಯಾದವರಲ್ಲಿ ತೂಕ ಅಷ್ಟೇನೂ ಹೆಚ್ಚಿಲ್ಲದಿದ್ದರೂ ಹೀಗಾಗುವುದುಂಟು. ಆದ್ದರಿಂದ ತಕ್ಕಡಿಯ ಜತೆಗೆ ಟೇಪೂ ಬೇಕು. ಮಹಿಳೆಯರ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಮುಟ್ಟಿದರೆ ಎಚ್ಚರ ವಹಿಸಬೇಕು. ತೂಕ ಹೆಚ್ಚಿರುವವರಲ್ಲಿ ಶೇ. 5ರಷ್ಟು ಇಳಿದರೂ ಚಕ್ರ ಸುಧಾರಿಸುವುದನ್ನು ಕಾಣಬಹುದು. ಇದಕ್ಕಾಗಿ ಊಟ ಬಿಡಬೇಕಾಗಿಲ್ಲ. ದರ್ಶಿನಿಯ ಸೆಟ್ ದೋಸೆ, ಆಫೀಸಿನ ಬಿಸ್ಕತ್ತು, ಸಂಜೆಯ ಬೇಕರಿ ಪಫ್ ಇವುಗಳ ಜಾಗದಲ್ಲಿ ಹುರುಳಿಕಾಳಿನ ಸಾರು, ಸೊಪ್ಪಿನ ಪಲ್ಯ, ಮೊಳಕೆಕಾಳು, ಮೊಟ್ಟೆ ಬರಲಿ. ಅನ್ನವೋ ಮುದ್ದೆಯೋ ತಟ್ಟೆಯ ಕಾಲುಭಾಗಕ್ಕೆ ನಿಲ್ಲಲಿ. ಊಟವಾದ ಮೇಲೆ ಹದಿನೈದು ನಿಮಿಷ ನಡೆಯುವುದು, ವಾರದಲ್ಲಿ ಎರಡು ದಿನ ಭಾರ ಎತ್ತುವ ವ್ಯಾಯಾಮ ಮಾಡುವುದು ಸ್ನಾಯುಗಳು ಸಕ್ಕರೆಯನ್ನು ಹೀರುವಂತೆ ಮಾಡುತ್ತವೆ. ಚಿಕಿತ್ಸೆಯಿಲ್ಲದೆ ಮೂರು ತಿಂಗಳಿಗೂ ಹೆಚ್ಚು ಕಾಲ ಮುಟ್ಟು ಬಾರದಿದ್ದರೆ ಮಾತ್ರ ಆಹಾರ, ವ್ಯಾಯಾಮ ಎಂದು ಕಾಯಬಾರದು. ಪ್ರೊಜೆಸ್ಟರಾನ್ ಇಲ್ಲದೆ ಈಸ್ಟ್ರೊಜೆನ್ ಒಂದೇ ಕೆಲಸ ಮಾಡುತ್ತಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತ ಹೋಗುತ್ತದೆ.

ಇದಕ್ಕೆ ತದ್ವಿರುದ್ಧವಾದುದೂ ಇದೆ. ಮ್ಯಾರಥಾನ್ ತಯಾರಿಯಲ್ಲಿ ತೊಡಗಿ ಅರೆಹೊಟ್ಟೆ ಉಣ್ಣುವ ಯುವತಿಯ ಮಿದುಳು ಬರಗಾಲವೆಂದೇ ಭಾವಿಸಿ ಚಕ್ರವನ್ನು ನಿಲ್ಲಿಸಿಬಿಡುತ್ತದೆ, ಆಗ ಈಸ್ಟ್ರೊಜೆನ್ ಕುಸಿದು ಮೂಳೆ ಸವೆಯುತ್ತದೆ. ಆಕೆಗೆ ಬೇಕಾದುದು ಹೆಚ್ಚು ಊಟ.

ವೈಟ್‌ಫೀಲ್ಡ್, ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ರಾತ್ರಿ ಪಾಳಿ ಮಾಡುವವರು ಪಾಳಿಯನ್ನು ವಾರವಾರ ಬದಲಿಸದೆ ಕೆಲವು ವಾರ ಒಂದೇ ರೀತಿ ಕೊಡುವಂತೆ ಕೇಳಿಕೊಳ್ಳಬೇಕು. ಹಗಲು ಮಲಗುವ ಕೋಣೆಗೆ ದಪ್ಪ ಪರದೆ ಹಾಕಬೇಕು. ನಡುರಾತ್ರಿಯ ಊಟವನ್ನು ಹಗುರವಾಗಿಡಬೇಕು. ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರ ಕಷ್ಟ ಬೇರೆ: ಶೌಚಾಲಯಕ್ಕೆ ಹೋಗಲು ಬಿಡುವಿಲ್ಲವೆಂದು ನೀರು ಕುಡಿಯದೇ ಇರುವುದು ಮೂತ್ರದ ಸೋಂಕಿಗೆ ದಾರಿಯಾಗುತ್ತದೆ. ಇದನ್ನು ಆ ಹೆಣ್ಣುಮಕ್ಕಳ ಅಜಾಗರೂಕತೆ ಎನ್ನುವುದು ಅನ್ಯಾಯ. ಬಿಡುವು ಕೊಡಬೇಕಾದುದು ಕೆಲಸದ ಸ್ಥಳ. ಮುಟ್ಟಿನ ವೇಳೆ ತಿಂಗಳಿಗೊಂದು ದಿನ ವೇತನಸಹಿತ ರಜೆ ನೀಡುವ ನೀತಿಗೆ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ಅದು ಸ್ವಾಗತಾರ್ಹವೇ, ಆದರೆ ಪ್ರತಿ ತಿಂಗಳೂ ಹಾಸಿಗೆ ಹಿಡಿಸುವ ನೋವಿಗೆ ರಜೆಯ ಜತೆ ತಪಾಸಣೆಯೂ ಬೇಕು, ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಎಷ್ಟೋ ವರ್ಷ ಪತ್ತೆಯಾಗದೆ ಉಳಿಯುವುದು ಮುಟ್ಟೆಂದರೆ ನೋವು ಇದ್ದದ್ದೇ ಎಂಬ ಮಾತಿನಿಂದ.

ರಕ್ತಹೀನತೆಯನ್ನು ನಾವು ದಣಿವೆಂದು ಕರೆದು ಸುಮ್ಮನಾಗುತ್ತೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಗರ್ಭಿಣಿಯಲ್ಲದ ಮಹಿಳೆಗೆ ಹಿಮೊಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇರಬಾರದು. ಊಟದ ಬೆನ್ನಿಗೇ ಕುಡಿಯುವ ಫಿಲ್ಟರ್ ಕಾಫಿ ಕಬ್ಬಿಣಾಂಶ ಹೀರಿಕೆಯಾಗುವುದನ್ನು ತಡೆಯುತ್ತದೆ. ಅದನ್ನು ಒಂದೆರಡು ಗಂಟೆ ಮುಂದೂಡಿ, ಸೊಪ್ಪು ಕಾಳುಗಳ ಊಟಕ್ಕೆ ನಿಂಬೆರಸ ಹಿಂಡಿಕೊಳ್ಳಬೇಕು.

ವೈದ್ಯರ ಬಳಿಗೆ ಯಾವಾಗ ಹೋಗಬೇಕೆಂಬುದಕ್ಕೆ ಪುಸ್ತಕವೇ ಉತ್ತರ ಕೊಡುತ್ತದೆ. ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯುತ್ತ ಹಲವು ಗಂಟೆ ಮುಂದುವರಿದರೆ, ಎರಡು ಮುಟ್ಟಿನ ನಡುವೆ ಅಥವಾ ಸಂಭೋಗದ ನಂತರ ರಕ್ತ ಕಂಡರೆ, ಹದಿನೈದು ತುಂಬಿದರೂ ಮೈನೆರೆಯದಿದ್ದರೆ ತಡಮಾಡಬಾರದು. ಮಗುವಿಗಾಗಿ ಪ್ರಯತ್ನಿಸುತ್ತಿರುವವರು 35ರೊಳಗಿದ್ದರೆ ಒಂದು ವರ್ಷ, ಅದನ್ನು ದಾಟಿದ್ದರೆ ಆರು ತಿಂಗಳು ನೋಡಿ, ಗಂಡನನ್ನೂ ಕರೆದುಕೊಂಡು ಹೋಗಬೇಕು. ವೀರ್ಯಪರೀಕ್ಷೆಯಿಲ್ಲದೆ ಹೆಂಡತಿಯೊಬ್ಬಳನ್ನೇ ಪರೀಕ್ಷೆಗಳಿಗೆ ಒಳಪಡಿಸುವುದು ಅರ್ಥವಿಲ್ಲದ್ದು. ಖಾಸಗಿ ಆಸ್ಪತ್ರೆಯ ಖರ್ಚು ಭರಿಸಲಾಗದವರಿಗೆ ಕೋಟೆ ಬಳಿಯ ವಾಣಿ ವಿಲಾಸ, ಶಿವಾಜಿನಗರದ ಘೋಷಾ, ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಗಳಿವೆ. 30 ದಾಟಿದವರು ಅದೇ ಭೇಟಿಯಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯನ್ನೂ ಕೇಳಬೇಕು, ಮನೆಯಲ್ಲಿ ಒಂಬತ್ತರಿಂದ ಹದಿನಾಲ್ಕರ ಹುಡುಗಿಯರಿದ್ದರೆ ಆ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಬಗ್ಗೆ ವಿಚಾರಿಸಬೇಕು. ಮುಟ್ಟು ನಿಂತು ಒಂದು ವರ್ಷ ಕಳೆದ ಅಮ್ಮನಿಗೋ ಅತ್ತೆಗೋ ಮತ್ತೆ ರಕ್ತ ಕಂಡರೆ, ಅದು ಒಂದೇ ಹನಿಯಾಗಿದ್ದರೂ, ಅದೇ ವಾರ ತೋರಿಸಬೇಕು.