ಸೋಫಾ ತೆಗೆದ ಮೇಲೆ ನಗು ಬಂತು

ಬೆಂಗಳೂರಲ್ಲಿ ಎರಡು ವರ್ಷ ಓಪನ್ ಮೈಕ್, ಅಂದರೆ ಹೊಸಬರೂ ಮೈಕ್ ಹಿಡಿದು ಜೋಕ್ ಹೇಳುವ ಸ್ಟ್ಯಾಂಡಪ್ ಕಾಮಿಡಿ, ಮಾಡಿ ಬೆಳಗಾವಿಗೆ ವಾಪಸ್ ಬಂದಾಗ ನನ್ನ ಹತ್ತಿರ 15 ನಿಮಿಷಕ್ಕಾಗುವಷ್ಟು ಜೋಕುಗಳ ಒಂದು ಸೆಟ್ ಇತ್ತು. ಅದರಲ್ಲಿ ಒಂಬತ್ತು ನಿಮಿಷ ಸಿಲ್ಕ್ ಬೋರ್ಡ್ ಟ್ರಾಫಿಕ್. ಇಲ್ಲಿ ಅದಕ್ಕೆ ಯಾರು ನಗುತ್ತಾರೆ?

ಮೊದಲ ಶೋ ಕಲ್ಯಾಣ ಮಂಟಪದಲ್ಲಿ ಇಟ್ಟೆ. ಎತ್ತರದ ಛಾವಣಿ, ಗಡಗಡ ಅನ್ನುವ ಫ್ಯಾನು, ಮುಂದೆ ಗಣ್ಯರಿಗೆ ಅಂತ ಎರಡು ಸಾಲು ಸೋಫಾ, ಗಣ್ಯರು ಬರಲೇ ಇಲ್ಲ, ಬಂದ ಐವತ್ತು ಜನ ಹಿಂದೆ ಗೋಡೆ ಹಿಡಿದು ಕೂತರು, ನಾನು ಖಾಲಿ ಸೋಫಾಗಳಿಗೆ ಜೋಕ್ ಹೇಳಿದೆ. ಮುಗಿದ ಮೇಲೆ ಒಬ್ಬ ಕಾಕಾ ಬಂದು, "ಚಲೋ ಮಾತಾಡಿದಿ ತಮ್ಮಾ, ಹಾಸ್ಯ ಯಾವಾಗ ಚಾಲೂ ಆಗ್ತೈತಿ?" ಅಂದರು.

ಅವರದೇನೂ ತಪ್ಪಿಲ್ಲ ಬಿಡಿ. ನಮ್ಮ ಕಡೆ ಹಾಸ್ಯ ಅಂದರೆ ಗಂಗಾವತಿ ಪ್ರಾಣೇಶ್ ಅವರ ಥರ ತಾಸುಗಟ್ಟಲೆ ಮಾತಾಡಿ ನಗಿಸುವುದು. ಐದೈದು ನಿಮಿಷಕ್ಕೆ ಒಬ್ಬೊಬ್ಬ ಬಂದು ಹೋಗುವುದು ಹೊಸದು.

ಆಮೇಲೆ ಟಿಳಕವಾಡಿಯಲ್ಲಿ ಒಂದು ಹೋಟೆಲಿನ ಮೇಲೆ ರೂಮ್ ಸಿಕ್ಕಿತು. ಕೈ ಎತ್ತಿದರೆ ಛಾವಣಿ. ಕಾಮಿಡಿ ಕ್ಲಬ್ ಅನ್ನುವುದು ಹೆಸರಿಗೆ, ಇದ್ದದ್ದು 40 ಪ್ಲಾಸ್ಟಿಕ್ ಕುರ್ಚಿ. ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಹಾಕಿದೆವು. ಬೆಳಕು ಮೈಕಿನ ಮೇಲೆ ಮಾತ್ರ, ಜನ ಕತ್ತಲಲ್ಲಿ. ನಾಚಿಕೆಯವರೂ ಕತ್ತಲಲ್ಲಿ ಜೋರಾಗಿ ನಗುತ್ತಾರೆ, ಪಕ್ಕದವನು ಅಲುಗಾಡಿ ನಕ್ಕರೆ ಇನ್ನೂ ಜಾಸ್ತಿ. ಬಂದವರನ್ನು ಮುಂದಿನ ಸಾಲಿನಿಂದ ಕೂರಿಸುವುದು ಇವತ್ತಿಗೂ ನನ್ನದೇ ಕೆಲಸ. ಹಾರ, ಶಾಲು, ಸ್ವಾಗತ ಭಾಷಣ ಬಂದ್. ನಾಲ್ಕು ನಿಮಿಷಕ್ಕೆ ಹಿಂದಿನಿಂದ ಮೊಬೈಲ್ ಟಾರ್ಚ್ ತೋರಿಸುತ್ತೇವೆ, ಇನ್ನೊಂದು ನಿಮಿಷದಲ್ಲಿ ಇಳಿಯಬೇಕು. ಟಿಕೆಟ್ 100 ರೂಪಾಯಿ, ಬಾಡಿಗೆ ಕಳೆದರೆ ಎಲ್ಲರಿಗೂ ಚಹಾ ಆಗುತ್ತದೆ ಅಷ್ಟೆ.

ಇಲ್ಲಿ ನಗು ಎರಡು ಕಂತಿನಲ್ಲಿ ಬರುತ್ತದೆ. ಪಂಚ್ ಬಿದ್ದ ಕೂಡಲೇ ಒಂದು, ಕನ್ನಡದವನು ಪಕ್ಕದ ಮರಾಠಿ ಗೆಳೆಯನಿಗೆ ಕಿವಿಯಲ್ಲಿ ಹೇಳಿದ ಮೇಲೆ ಇನ್ನೊಂದು. ಮೊದಮೊದಲು ಆ ಎರಡನೇ ನಗುವಿನ ಮೇಲೆಯೇ ಮುಂದಿನ ಮಾತು ಹೇರಿ ಎರಡನ್ನೂ ಕೆಡಿಸುತ್ತಿದ್ದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದಾಗ ಗೊತ್ತಾಯಿತು. ಈಗ ಅಲ್ಲಿ ಸುಮ್ನೆ ಒಂದು ಗುಟುಕು ನೀರು ಕುಡಿಯುತ್ತೇನೆ.

ಸಿಲ್ಕ್ ಬೋರ್ಡ್ ಹೋಯಿತು, ಸುವರ್ಣ ಸೌಧ ಬಂತು. ಚಳಿಗಾಲದ ಅಧಿವೇಶನಕ್ಕೆ ಸರ್ಕಾರ ನಮ್ಮೂರಿಗೆ ಬರುವುದು ಥೇಟ್ ಬೀಗರು ಬಂದ ಹಾಗೆ: ರಸ್ತೆಗೆ ಡಾಂಬರು, ಲಾಡ್ಜ್ ಎಲ್ಲ ಭರ್ತಿ, ಹತ್ತು ದಿನ ಉಂಡು, ಏನೂ ಮಾತು ಮುಗಿಸದೆ, ಕುಂದಾ ಕಟ್ಟಿಸಿಕೊಂಡು ಹೊರಟೇಬಿಡುತ್ತಾರೆ. ಇದೊಂದು ಜೋಕಿಗೆ ಮಾತ್ರ ಎರಡೂ ಭಾಷೆಯವರು ಒಟ್ಟಿಗೇ ನಗುತ್ತಾರೆ. ನೀರು ಕುಡಿಯಲು ಪುರುಸೊತ್ತೇ ಸಿಗುವುದಿಲ್ಲ.